ಗೀರು

ಗುರುವಾರ ನಾಲ್ಕು ಗಂಟೆಯ ಬಸ್ಸಿಗೆ ಮಾತೌಶ್ ಬರುತ್ತಾನೆ,
ತಮ್ಮನ ಕೆಳಮನೆಯ ಹುಡುಗ. ಜೇಬಿನಲ್ಲೊಂದು ಬೆಂಕಿಪೊಟ್ಟಣ.
ಒಳಗೆ ಕಡ್ಡಿಯಿಲ್ಲ. ಹತ್ತಿಯ ಮೇಲೆ ಮಲಗಿರುತ್ತದೆ
ಹೆಬ್ಬೆರಳ ಉಗುರಷ್ಟು ಆಕಾಶ:
ಪೈಲಟ್ಟಿನ ತಲೆಯ ಮೇಲೆ ಕವುಚುವ ಗಾಜುಗೂಡು.
ಗಾಜಲ್ಲ, ಪ್ಲಾಸ್ಟಿಕ್ಕು. ಬೋಹೌಶನೆದುರು ಹಾಗನ್ನಬೇಡಿ.

ನಾನೂ ಅನ್ನಬಾರದಿತ್ತು.
ಅಮ್ಮನನ್ನು ಮಣ್ಣು ಮಾಡಿದ ದಿನ, ಅವನ ಕ್ಲಬ್ಬಿನ ಗೆಳೆಯರೆಲ್ಲ
ಕಪ್ಪು ಕೋಟು ತೊಟ್ಟು ಸೂಪು ಕುಡಿಯುತ್ತಿದ್ದಾಗ
'ಐವತ್ತೊಂಬತ್ತಕ್ಕೂ ಆಟದ ಸಾಮಾನೇನೋ ನಿನಗೆ?' ಅಂದೆ.
ಅವನು ಚಮಚ ಕೆಳಗಿಟ್ಟ.
ಹನ್ನೊಂದು ವರ್ಷ
ಒಂದೇ ಊರು, ಒಂದೇ ಬೆಚ್ವಾ ನದಿ,
ಅವನು ಆ ದಡದಲ್ಲಿ ಬ್ರೆಡ್ಡು ಕೊಂಡರೆ ನಾನು ಈ ದಡದಲ್ಲಿ.

ಆಮೇಲೆ ಈ ಪೊಟ್ಟಣ. ಮುಚ್ಚಳದ ಒಳಗೆ
ನಡುಗುವ ಪೆನ್ಸಿಲಿನಲ್ಲಿ: 'ಗೀರಿದೆ. ನೋಡು.'

ನೋಡುವುದೇ ನನ್ನ ಕಸುಬಾಗಿತ್ತು.
ಪ್ರೆರೋವಿನ ಮಸೂರದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತವಳು,
ಹದಿನೇಳನೇ ನಂಬರಿನ ಮೊಹರು ನನ್ನದು.
ಅವನಿಗೋ, ಹತ್ತೊಂಬತ್ತನೇ ವಯಸ್ಸಲ್ಲಿ
ಹಾರುವ ಶಾಲೆಯ ವೈದ್ಯ ಎಡಗಣ್ಣಿಗೆ ದೀಪ ಹಿಡಿದು
ಒಂದೇ ನಿಮಿಷದಲ್ಲಿ ಬಾಗಿಲು ತೋರಿಸಿದ್ದ.
ಒಂದೇ ಹೊಟ್ಟೆಯಲ್ಲಿ ಹುಟ್ಟಿದ ನಾಲ್ಕು ಕಣ್ಣು,
ಮೂರಕ್ಕೆ ಮೊಹರು, ಒಂದಕ್ಕಿಲ್ಲ.

ಕೆಲಸ ಇಷ್ಟೇ. ಪಾತ್ರೆಯ ಸೋಪು, ಉಗುರುಬೆಚ್ಚಗಿನ ನೀರು;
ಬೆರಳಿನ ಜಿಡ್ಡು ಬಿಡಬೇಕು.
ಆಮೇಲೆ ನೆಲಕ್ಕೆ ಬಳಿಯುವ ಪಾಲಿಶು.
ಹೌದು, ಅಡುಗೆಮನೆಯ ಲಿನೋಲಿಯಂ ಹೊಳೆಸುತ್ತಿದ್ದದ್ದೇ.
ಕಂಪನಿ ಅದನ್ನು ನಿಲ್ಲಿಸಿ ಕಾಲವಾಯಿತು; ನನ್ನಲ್ಲಿ ಮುಕ್ಕಾಲು ಬಾಟಲಿ ಉಳಿದಿದೆ,
ಸೌತೆ ಉಪ್ಪಿನಕಾಯಿಯ ಭರಣಿಯ ಹಿಂದೆ.
ಅಲುಗಿಸಬಾರದು, ಗುಳ್ಳೆ ಏಳುತ್ತದೆ.
ಚಿಮುಟದಲ್ಲಿ ಅಂಚು ಹಿಡಿದು ಅದ್ದು,
ಮಲಗಿದ ಮಗುವಿನ ತಲೆಯಡಿಯಿಂದ
ತೋಳು ಬಿಡಿಸಿಕೊಳ್ಳುವಂತೆ ಎತ್ತು.
ಕೊನೆಯ ಹನಿಯನ್ನು ಕಾಗದದ ತುದಿಗೆ ಕುಡಿಸು.
ಮೇಲೆ ಕಡುಬಿನ ಬಟ್ಟಲು ಬೋರಲು ಹಾಕು.
ಎರಡು ದಿನ ತೆಗೆದು ನೋಡುವ ಹಾಗಿಲ್ಲ.

ನೋಡದೆ ಇರುವುದು ನನಗೆ ಬಾರದ ವಿದ್ಯೆ.
ಮೊದಲ ಸಲ ಮಧ್ಯರಾತ್ರಿ ಎದ್ದು ಬಟ್ಟಲು ಎತ್ತಿಬಿಟ್ಟೆ.
ಬಿತ್ತು ಬೆಕ್ಕಿನ ರೋಮ, ಪಾಲಿಶಿನಲ್ಲಿ ಹೂತುಹೋಯಿತು,
ಆಕಾಶಕ್ಕೆ ಅಡ್ಡಲಾಗಿ ಒಂದು ಬಿಳಿ ಬೇಲಿ.
ಅಮೋನಿಯಾದಲ್ಲಿ ಅದ್ದಿ ಎಲ್ಲ ಕಳಚಿ
ಮೂಗು ಕಣ್ಣು ಸೋರಿಸಿಕೊಂಡು ಮತ್ತೆ ಶುರು ಮಾಡಿದೆ.
ಸೋರಿದ್ದು ಅಮೋನಿಯಾಕ್ಕೆ. ಬರೆದಿಟ್ಟುಕೊಳ್ಳಿ.

ಮೂರನೆಯ ದಿನ ಪತ್ರಿಕೆಯ ಮೇಲಿಟ್ಟು
ಅದರಡಿಯ ಸಾಲು ಓದಿದೆ: ಆಲೂಗಡ್ಡೆಯ ದರ,
ಯಾರದೋ ಕಳೆದುಹೋದ ನಾಯಿ.
ಒಂದಕ್ಷರವೂ ಸೊಟ್ಟಗಾಗಿಲ್ಲ.
ಗೀರೆಲ್ಲಿ?
ಅಲ್ಲೇ ಇದೆ. ಎಷ್ಟು ಆಳ, ಯಾವ ಕಡೆಗೆ ವಾಲಿದೆ,
ಕಣ್ಣು ಮುಚ್ಚಿ ಹೇಳಬಲ್ಲೆ.
ಪಾಲಿಶು ಅದರೊಳಕ್ಕೆ ಇಳಿದು ಕೂತಿದೆ, ಅಷ್ಟೇ;
ಬೆಳಕು ಇನ್ನು ಅಲ್ಲಿ ಎಡವುವುದಿಲ್ಲ.

ಪೊಟ್ಟಣದ ಮೇಲೆ 'ಪಾಸ್. ೧೭' ಎಂದು ಬರೆದು ಕಳಿಸಿದೆ.
ಉತ್ತರ ಬರಲಿಲ್ಲ. ಮುಂದಿನ ಗುರುವಾರ ಇನ್ನೊಂದು ಗೂಡು ಬಂತು,
ಅದರ ಮುಂದಿನದಕ್ಕೆ ಮತ್ತೊಂದು.
ಅವನ ಕೈ ನಡುಗುವ ಲೆಕ್ಕ
ಗೀರುಗಳಲ್ಲೇ ಓದಿಕೊಂಡೆ: ಫೆಬ್ರವರಿಯಲ್ಲಿ ಎರಡು, ಮೇ ತಿಂಗಳಲ್ಲಿ ಐದು.

ಈ ವಾರದ್ದು ಇಬ್ಬರು ಕೂರುವ ತರಬೇತಿ ವಿಮಾನದ್ದು, ಉದ್ದನೆಯದು.
ಕಿಟಕಿಗೆ ಹಿಡಿದೆ, ದೀಪಕ್ಕೆ ಹಿಡಿದೆ,
ಹಳೆಯ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು
ಅರ್ಧ ಗಂಟೆ ಹುಡುಕಿದೆ.
ಒಂದು ಗೀರೂ ಇಲ್ಲ.

ಮಾತೌಶ್ ಎರಡನೇ ತುಂಡು ಕೇಕು ಮುಗಿಸಿ
ಬಾಗಿಲಲ್ಲಿ ಶೂಸಿನ ಲೇಸು ಕಟ್ಟಿಕೊಳ್ಳುತ್ತ ಕೇಳಿದ:
'ಏನಂತ ಹೇಳಲಿ?'

'ಬಹಳ ಕೆಟ್ಟಿದೆ ಅನ್ನು. ಎರಡು ಸಲ ಅದ್ದಬೇಕು.
ಈ ಸಲ ಅವನೇ ಬಂದು ಒಯ್ಯಲಿ.'